ಆ ಗೊಂಬೆಯನ್ನು ಸ್ವಲ್ಪ ತಿರುಗಿಸಿ ನೋಡಿ!

ಎತ್ತರ ಮೂರೂಮುಕ್ಕಾಲು ಇಂಚು, ಅಷ್ಟೇ. ಪ್ಲಾಸ್ಟಿಕ್ಕಿನ ಒಂದು ಗೊಂಬೆ, ಬೆನ್ನಿಗೆ ಪುಟಾಣಿ ರಾಕೆಟ್. 1979ರಲ್ಲಿ ಅಮೆರಿಕದ ಕೆನ್ನರ್ ಕಂಪನಿ ಮಾಡಿದ ಈ ಸ್ಟಾರ್ ವಾರ್ಸ್ ಗೊಂಬೆಯ ಹೆಸರು ಬೋಬಾ ಫೆಟ್. ಗುಂಡಿ ಸರಿಸಿದರೆ ರಾಕೆಟ್ ಚಂಗನೆ ಹಾರಬೇಕು, ಹಾಗೆ ಮಾಡಿದ್ದರು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆಯ ಇಂಥದ್ದೇ ಕ್ಷಿಪಣಿ ಗಂಟಲಲ್ಲಿ ಸಿಕ್ಕಿಕೊಂಡು ಒಂದು ಮಗು ತೀರಿಹೋಯಿತು. ಕೆನ್ನರ್‌ನವರು ಬೆಚ್ಚಿ, ರಾಕೆಟ್ ಕದಲದಂತೆ ಅಂಟಿಸಿಯೇ ಗೊಂಬೆಯನ್ನು ಹೊರಗೆ ಬಿಟ್ಟರು. ರಾಕೆಟ್ ಹಾರುವ ಗೊಂಬೆ ಯಾವ ಅಂಗಡಿಗೂ ಬರಲಿಲ್ಲ. ಮಾದರಿಗೆಂದು ಮಾಡಿದ್ದ ಕೆಲವು ಮಾತ್ರ ಹೇಗೋ ಉಳಿದುಕೊಂಡವು. ಅಂಥದ್ದೊಂದು 2024ರಲ್ಲಿ ಹರಾಜಿಗೆ ಬಂತು. ಹೋದದ್ದು 5 ಲಕ್ಷ ಡಾಲರಿಗೂ ಹೆಚ್ಚಿಗೆ! ನಮ್ಮ ದುಡ್ಡಿನಲ್ಲಿ 4 ಕೋಟಿ ದಾಟಿತು. ಬೆಂಗಳೂರಿನ ಬಸವೇಶ್ವರನಗರದಲ್ಲಿ ಮನೆ ಸಮೇತ ಥರ್ಟಿ-ಫಾರ್ಟಿ ಸೈಟಿಗೆ ಮಾತಾಡುವ ದುಡ್ಡು, ಅಂಗೈಯಲ್ಲಿ ಅಡಗುವ ಒಂದು ಗೊಂಬೆಗೆ!

ಹಳೆಯ ಆಟಿಕೆ ಹುಡುಕುವ ರಿಯಾಲಿಟಿ ಶೋಗಳ ರುಚಿ ಒಮ್ಮೆ ಹತ್ತಿದರೆ ಬಿಡಿಸಿಕೊಳ್ಳುವುದು ಕಷ್ಟ. ಅಮೆರಿಕದ ಟ್ರಾವೆಲ್ ಚಾನೆಲ್‌ನಲ್ಲಿ 2012ರಲ್ಲಿ ಶುರುವಾದ 'ಟಾಯ್ ಹಂಟರ್' ಎಂಬ ಶೋ ನೋಡಿ. ಜೋರ್ಡನ್ ಹೆಂಬ್ರೊ ಎಂಬ ಆಟಿಕೆ ವ್ಯಾಪಾರಿ ಊರೂರು ಅಲೆದು ಕಂಡವರ ಗ್ಯಾರೇಜು, ನೆಲಮಾಳಿಗೆ, ಅಟ್ಟಗಳಲ್ಲಿ ತಲೆ ತೂರಿಸುತ್ತಾನೆ. ಧೂಳಿನ ರಟ್ಟಿನ ಪೆಟ್ಟಿಗೆಯೊಳಗೆ ಕೈ ಹಾಕಿ ಒಂದು ರೋಬೋ ಎಳೆಯುತ್ತಾನೆ. ಮುಖ ನೋಡುವುದೇ ಇಲ್ಲ, ಮೊದಲು ತಿರುಗಿಸಿ ಅಂಗಾಲು ನೋಡುತ್ತಾನೆ! ಇಸವಿ, ದೇಶ, ಕಂಪನಿ, ಎಲ್ಲ ಅಲ್ಲಿ ಒತ್ತಿರುತ್ತದೆ. ಆಮೇಲೆ ಕೀಲು ಸಡಿಲವಾಗಿದೆಯೇ, ಬಣ್ಣ ಎದ್ದಿದೆಯೇ, ಕೈಯಲ್ಲಿದ್ದ ಬಂದೂಕು ಉಳಿದಿದೆಯೇ ಎಂಬ ತಪಾಸಣೆ. ಕೊನೆಗೆ ಬೆಲೆ ಹೇಳಿದಾಗ ಮನೆಯವರ ಕಣ್ಣು ಅರಳುವುದನ್ನು ಎಷ್ಟು ಸಲ ನೋಡಿದರೂ ಸಾಲದು. ಈ ಬಗೆಯ ಕಾರ್ಯಕ್ರಮಗಳ ಅಜ್ಜ ಎನ್ನಬೇಕಾದ ಬಿಬಿಸಿಯ 'ಆಂಟಿಕ್ಸ್ ರೋಡ್‌ಶೋ' ಶುರುವಾದದ್ದೂ ಆ ಬೋಬಾ ಫೆಟ್ ಹುಟ್ಟಿದ 1979ರಲ್ಲೇ. ಆಮೇಲೆ 2009ರಲ್ಲಿ 'ಪಾನ್ ಸ್ಟಾರ್ಸ್', 2010ರಲ್ಲಿ 'ಅಮೆರಿಕನ್ ಪಿಕರ್ಸ್', 2017ರಲ್ಲಿ ನೆಟ್‌ಫ್ಲಿಕ್ಸ್‌ನ 'ದಿ ಟಾಯ್ಸ್ ದಟ್ ಮೇಡ್ ಅಸ್' ಬಂದವು.

ಬೆಲೆಗಿಂತ ನನ್ನನ್ನು ಹಿಡಿದು ಕೂರಿಸುವುದು ಬೆಲೆಯ ಹಿಂದಿನ ಕಾರಣ. ಹಾಟ್ ವೀಲ್ಸ್ ಕಾರು ಸಂಗ್ರಹಿಸುವವರೆಲ್ಲ ಕನಸು ಕಾಣುವ ಗುಲಾಬಿ ಬಣ್ಣದ ಫೋಕ್ಸ್‌ವ್ಯಾಗನ್ ವ್ಯಾನ್ ಒಂದಿದೆ, 1969ರದ್ದು, 'ಬೀಚ್ ಬಾಂಬ್' ಅಂತ ಹೆಸರು. ಹಿಂದಿನ ಗಾಜಿನಿಂದ ಎರಡು ಸರ್ಫ್ ಹಲಗೆಗಳು ಹೊರಗೆ ಚಾಚಿಕೊಂಡಿರುತ್ತವೆ. ಮ್ಯಾಟೆಲ್ ಎಂಜಿನಿಯರುಗಳು ಅದನ್ನು ತಮ್ಮ ಹೊಸ ಓಟದ ಪಟ್ಟಿಯ ಮೇಲೆ ಬಿಟ್ಟರು. ತಿರುಗುವ ಚಕ್ರಗಳ ನಡುವೆ ಕಾರನ್ನು ಹಿಡಿದು ಮುಂದಕ್ಕೆ ಎಸೆಯುವ ಯಂತ್ರ ಆ ಪಟ್ಟಿಯಲ್ಲಿತ್ತು. ವ್ಯಾನ್ ತೀರಾ ಸಪೂರ, ಮೇಲ್ಭಾರ ಬೇರೆ. ಯಂತ್ರಕ್ಕೆ ಹಿಡಿತ ಸಿಗಲಿಲ್ಲ. ಸರಿ, ವಿನ್ಯಾಸವನ್ನೇ ಬದಲಾಯಿಸಿದರು. ಅಕ್ಕಪಕ್ಕ ಜೇಬು ಕೊಟ್ಟು ಅಗಲ ಮಾಡಿ, ಹಲಗೆಗಳನ್ನು ಅಲ್ಲಿಗೆ ಸರಿಸಿದರು. ಅಂಗಡಿಗೆ ಬಂದದ್ದು ಆ ಅಗಲದ ವ್ಯಾನ್. ಸೋತುಹೋದ ಸಪೂರ ವ್ಯಾನ್ ಇಂದು ಲಕ್ಷ ಡಾಲರ್ ದಾಟುವ ಒಡವೆ! ಮೆಚ್ಚುಗೆ ಗಳಿಸಿ ಲಕ್ಷಗಟ್ಟಲೆ ಮಾರಾಟವಾದದ್ದಕ್ಕೆ ಅಂಥ ಬೆಲೆಯಿಲ್ಲ. ತಪ್ಪಾದದ್ದು, ತಡೆದದ್ದು, ಮಕ್ಕಳ ಕೈಯಲ್ಲಿ ಮುರಿಯದೆ ಉಳಿದದ್ದು, ಅದಕ್ಕೇ ಈ ಲೋಕದಲ್ಲಿ ಪಟ್ಟಾಭಿಷೇಕ.

ಇದೆಲ್ಲ ದೂರದ ಅಮೆರಿಕದ ಕಥೆ, ನಮಗೇನು ಅಂದುಕೊಂಡಿರಾ? ಉಸಿರು ಬಿಗಿಹಿಡಿದು ಮುಂದಕ್ಕೆ ಓದಿ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮೆಕ್ಯಾನೊ ಕಂಪನಿ ಡಿಂಕಿ ಎಂಬ ಎರಕದ ಕಾರುಗಳನ್ನು ಮಾಡುತ್ತಿತ್ತು. ಅಲ್ಲಿ ಕೆಲವು ಮಾದರಿಗಳ ಕಾಲ ಮುಗಿದಾಗ ಅವುಗಳ ಅಚ್ಚುಗಳು ಹಡಗು ಹತ್ತಿ ಬಂದದ್ದು ಎಲ್ಲಿಗೆ ಗೊತ್ತೇ? ಕಲ್ಕತ್ತೆಗೆ! 1960ರ ದಶಕದ ಕೊನೆಗೆ ಅಲ್ಲಿನ ಎಸ್. ಕುಮಾರ್ ಅಂಡ್ ಕಂಪನಿ ಅದೇ ಅಚ್ಚುಗಳಲ್ಲಿ ಜಾಗ್ವಾರ್, ಬೆಂಟ್ಲಿಗಳನ್ನು ಎರಕ ಹೊಯ್ದು, ನಮ್ಮ ಬಣ್ಣ ಬಳಿದು, 'ನಿಕ್ಕಿ ಟಾಯ್ಸ್' ಎಂಬ ಹೆಸರಲ್ಲಿ ಮಾರಿತು. ಅಚ್ಚಿನಲ್ಲಿ ಕೊರೆದಿದ್ದ ಡಿಂಕಿ ಎಂಬ ಹೆಸರನ್ನು ಅಳಿಸಿ ನಿಕ್ಕಿ ಎಂದು ತಿದ್ದಿದ್ದರು. ಇಂದು ಡಿಂಕಿಯ ದೊಡ್ಡ ಸಂಗ್ರಹಕಾರರು ಆ ತಿದ್ದುಪಡಿಯನ್ನೇ ಭೂತಗನ್ನಡಿ ಹಿಡಿದು ಹುಡುಕುತ್ತಾರೆ!

ಫನ್‌ಸ್ಕೂಲ್ ಗೊತ್ತಲ್ಲ? ಎಂಬತ್ತು-ತೊಂಬತ್ತರ ದಶಕದಲ್ಲಿ ಬೆಳೆದ ವಿಜಯನಗರದ ಹುಡುಗರಿಗೆ ಆ ಹೆಸರು ಕೇಳಿದರೆ ಸಾಕು. ಟೈರು ಮಾಡುವ ಎಂಆರ್‌ಎಫ್ ಮತ್ತು ಅಮೆರಿಕದ ಹಾಸ್‌ಬ್ರೋ ಸೇರಿ 1987ರಲ್ಲಿ ಕಟ್ಟಿದ ಕಂಪನಿ ಅದು, ಕಾರ್ಖಾನೆ ಗೋವಾದಲ್ಲಿ. ಅಲ್ಲಿಂದ ಬಂದ ಜಿ.ಐ. ಜೋ ಸಿಪಾಯಿಗಳ ಅಚ್ಚು ಅಮೆರಿಕದ್ದು, ಬಣ್ಣ ಮಾತ್ರ ನಮ್ಮದು. ಅಮೆರಿಕದ ಯಾವ ಸಿಪಾಯಿಯೂ ತೊಡದ ಬಣ್ಣದ ಸಮವಸ್ತ್ರಗಳು! ಅಲ್ಲಿನ ಸಂಗ್ರಹಕಾರರಿಗೆ ಇದು ತಿಳಿದದ್ದೇ ತಡ, ಇಲ್ಲಿಂದ ತರಿಸಿಕೊಳ್ಳಲು ಮುಗಿಬಿದ್ದರು. ಅದೇ ಕಾಲದಲ್ಲಿ ಲಿಯೋ ಹೆಸರಿನಲ್ಲಿ ನಮ್ಮಲ್ಲೇ ತಯಾರಾದ ಹೀ-ಮ್ಯಾನ್, ಹಾಟ್ ವೀಲ್ಸ್‌ಗಳಿಗೂ ಇಂಥದೇ ಬೇಡಿಕೆ. ತೊಂಬತ್ತರ ದಶಕದ ಸೀರೆ ಉಟ್ಟ ಬಾರ್ಬಿಯ ಡಬ್ಬಿಯನ್ನು ಒಡೆಯದೆ ಇಟ್ಟುಕೊಂಡಿರುವ ಮನೆಯವರೇ, ದಯವಿಟ್ಟು ಇನ್ನು ಮುಂದೆಯೂ ಒಡೆಯಬೇಡಿ!

ಈಗ ನಮ್ಮ ಬೀದಿಗೆ ಬನ್ನಿ. ರಾಜಾಜಿನಗರದ ಹಳೆಯ ಮನೆಗಳ ಅಟ್ಟ ಯಾವತ್ತಾದರೂ ಹತ್ತಿದ್ದೀರಾ? ಹಿತ್ತಾಳೆ ಹಂಡೆ, ಮುರಿದ ತೊಟ್ಟಿಲು, ಅದರ ಹಿಂದೆ ಹಸಿರು ಬಣ್ಣದ ಕಬ್ಬಿಣದ ಟ್ರಂಕು. ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆ ಬಂತೆಂದರೆ, ಆ ಟ್ರಂಕು ಕೆಳಗೆ ಇಳಿಯುತ್ತದೆ. ಹಳೇ ಪಂಚೆ, ಸವೆದ ಸೀರೆ, ನುಸಿಗುಳಿಗೆ ವಾಸನೆಯ ನಡುವಿನಿಂದ ಗೊಂಬೆಗಳು ಒಂದೊಂದಾಗಿ ಎದ್ದು ಬರುತ್ತವೆ. ಸಾಲು ಸಾಲು ಮೆಟ್ಟಿಲು, ಬಿಳಿ ಪಂಚೆಯ ಹಾಸು, ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ. ರಕ್ತಚಂದನದಲ್ಲಿ ಕೆತ್ತಿದ ರಾಜ-ರಾಣಿ, ತವರಿಂದ ಮದುವೆಯಲ್ಲಿ ಕೊಟ್ಟದ್ದು, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬರುವಂಥದ್ದು. ಮೈಸೂರು ಅರಮನೆಯಲ್ಲಿ ಗೊಂಬೆಗಳಿಗೆಂದೇ ಒಂದು ಗೊಂಬೆ ತೊಟ್ಟಿ ಇದೆ. ಅರಸರ ಆ ಆಸೆ ನಮ್ಮ ಮಧ್ಯಮವರ್ಗದ ನಡುಮನೆಗೆ ಹಾಗೇ ಇಳಿದು ಬಂದಿದೆ. ಟಾಯ್ ಹಂಟರ್ ಬರುವುದಕ್ಕೆ ಎಷ್ಟೋ ಮೊದಲು ನಾವು ಈ ಆಟ ಆಡುತ್ತಿದ್ದೆವು ಎಂದರೆ ತಪ್ಪೇನು? ಹಳೆಯದನ್ನು ಹೊರಗೆ ತೆಗೆ, ಒಪ್ಪವಾಗಿ ಜೋಡಿಸು, ಬಂದವರಿಗೆಲ್ಲ ಅದರ ಕಥೆ ಹೇಳು! ನೋಡಲು ಬಂದ ಮಕ್ಕಳಿಗೆ ಗೊಂಬೆ ಬಾಗಿನ ಬೇರೆ.

ರಾಜಾಜಿನಗರದ ಭಾಷ್ಯಂ ವೃತ್ತದ ಹತ್ತಿರದ ಒಂದು ಮನೆಯಲ್ಲಿ ಮೂರನೇ ಮೆಟ್ಟಿಲ ಮೇಲೆ ಒಬ್ಬ ಪುಟ್ಟ ಪಿಂಗಾಣಿ ಹೆಂಗಸು ನಿಂತಿದ್ದಳು. ಗೇಣುದ್ದವೂ ಇಲ್ಲ, ನೀಲಿ ಗೌನು, ಕೈಯಲ್ಲಿ ಹೂಬುಟ್ಟಿ, ಮೂಗಿನ ತುದಿಯ ಬಣ್ಣ ಸ್ವಲ್ಪ ಹೋಗಿದೆ. ಟಿವಿ ಕಲಿಸಿದ ಚಾಳಿ, ಕೈಗೆತ್ತಿಕೊಂಡು ತಿರುಗಿಸಿದೆ.

"ಜೋಪಾನ ಕಣಪ್ಪಾ, ನಮ್ಮತ್ತೆಯವರ ಕಾಲದ್ದು ಅದು," ಎಂದರು ಅಜ್ಜಿ.

"ಯಾವ ಇಸವಿದು ಅಜ್ಜಿ?"

"ಅದೆಲ್ಲ ಯಾರಿಗೆ ನೆನಪಿರತ್ತೆ! ನಾನು ಈ ಮನೆಗೆ ಬರೋ ಹೊತ್ತಿಗೇ ಇತ್ತು."

ಅಡಿಯಲ್ಲಿ ಕೆಂಪು ಶಾಯಿಯ ಮುದ್ರೆ, ಮಾಸಿದೆ, ಆದರೂ ಓದಬಹುದು: 'ಮೇಡ್ ಇನ್ ಆಕ್ಯುಪೈಡ್ ಜಪಾನ್'. ಮೈ ಜುಂ ಎಂದಿತು! ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್ ಅಮೆರಿಕದ ಸೇನೆಯ ಹಿಡಿತದಲ್ಲಿದ್ದಾಗ ರಫ್ತಿನ ಸರಕಿನ ಮೇಲೆ ಬಿದ್ದ ಮುದ್ರೆ ಅದು. 1947ರಲ್ಲಿ ಶುರುವಾಯಿತು, 1952ರಲ್ಲಿ ಸೇನೆಯ ಆಡಳಿತ ಮುಗಿದಾಗ ನಿಂತಿತು. ಅಜ್ಜಿಗೆ ನೆನಪಿಲ್ಲದ ಇಸವಿಯನ್ನು ಗೊಂಬೆಯ ಅಡಿ ಹೇಳಿಬಿಟ್ಟಿತು! ಬಾಂಬು ಬಿದ್ದು ಸುಟ್ಟ ದೇಶವೊಂದು ಹೊಟ್ಟೆಪಾಡಿಗೆಂದು ಮತ್ತೆ ಗೂಡು ಹಚ್ಚಿ ಸುಟ್ಟ ಪಿಂಗಾಣಿ, ಸಮುದ್ರ ದಾಟಿ ಬಂದು ನಮ್ಮ ನವರಾತ್ರಿಯ ಮೆಟ್ಟಿಲು ಹತ್ತಿ ನಿಂತಿದೆ. ಇಂಥ ಗೊಂಬೆಗೆ ಮಾರುಕಟ್ಟೆಯಲ್ಲಿ ಅಂಥ ದೊಡ್ಡ ಬೆಲೆಯೇನೂ ಇಲ್ಲ. ನನ್ನ ಪಾಲಿಗೆ ಮಾತ್ರ ಆ 4 ಕೋಟಿಯ ಬೋಬಾ ಫೆಟ್ ಇದರ ಮುಂದೆ ಮಂಕು. ಕಥೆ ಹೇಳಿದಾಗ ಅಜ್ಜಿ ಕನ್ನಡಕ ತರಿಸಿಕೊಂಡು ಮುದ್ರೆಯನ್ನು ತಾವೇ ಓದಿದರು. ಆಮೇಲೆ ಉಳಿದ ಗೊಂಬೆಗಳನ್ನೂ ಒಂದೊಂದಾಗಿ ತಿರುಗಿಸತೊಡಗಿದರು!

ಮನೆಯೊಳಗಿನದು ಇಷ್ಟಾದರೆ ಬೀದಿಯದ್ದು ಇನ್ನೊಂದು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟು, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳು, ಅಲ್ಲಿ ಸವೆದು ಬಿಸಾಕಿದ ಬೇರಿಂಗುಗಳು. ಆ ಬೇರಿಂಗನ್ನು ಹಲಗೆಗೆ ಸಿಕ್ಕಿಸಿ, ಹಗ್ಗ ಕಟ್ಟಿ, ಇಳಿಜಾರು ಹುಡುಕಿ ಕೂತರೆ ಬೇರಿಂಗ್ ಗಾಡಿ! ಟಾರು ರಸ್ತೆ ಮೇಲೆ ಅದರ ಗರಗರ ಸದ್ದು ಎರಡು ಬೀದಿ ದಾಟಿ ಕೇಳುತ್ತಿತ್ತು. ಯಾವ ಕಂಪನಿಯೂ ಮಾಡದ, ಯಾವ ಡಬ್ಬಿಯಲ್ಲೂ ಬಾರದ ಈ ಆಟಿಕೆ ಒಂದಾದರೂ ಯಾರ ಮನೆಯ ಹಿತ್ತಲಲ್ಲಾದರೂ ಉಳಿದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಅದೇ ಲೇತ್‌ನ ಜಾಡು ಹಿಡಿದು ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೊರಟರೆ ಸಿಗುವುದು ಚನ್ನಪಟ್ಟಣ. ಅಲ್ಲಿನ ಕೆಲಸ ಹತ್ತಿರದಿಂದ ನೋಡಬೇಕು. ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ, ಕುಶಲಕರ್ಮಿ ಉಳಿ ಆನಿಸಿ ದುಂಡಗೆ ಇಳಿಸುತ್ತಾನೆ. ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾನೆ, ಅಷ್ಟೇ! ಬೆಂಕಿಯಿಲ್ಲ, ಕುಂಚವಿಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆ ಗರಿ ಹಿಡಿದರೆ ಹೊಳಪೇ ಹೊಳಪು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಗೊಂಬೆ ತಂತ್ರವನ್ನು ಈ ಊರಿಗೆ ತಂದರೆಂದು ನೆನೆಯುತ್ತಾರೆ. ಅಲ್ಲಿಗೆ ಆ ಪಿಂಗಾಣಿ ಹೆಂಗಸು ಬರುವ ಎಷ್ಟೋ ಮೊದಲೇ ಜಪಾನು ಈ ರಸ್ತೆಗೆ ಬಂದಾಗಿತ್ತು!

ಇದೇ ರಸ್ತೆಯಲ್ಲಿ, ಕೆಂಗೇರಿಗೂ ಚನ್ನಪಟ್ಟಣಕ್ಕೂ ನಡುವೆ, ಬಿಡದಿಯಲ್ಲಿ ಕನ್ನಡದ ಬಿಗ್ ಬಾಸ್ ಮನೆ ಎದ್ದದ್ದು. ಅದರಲ್ಲಿ ಒಂದೆರಡು ಕ್ಯಾಮೆರಾ ಈ ಕಡೆ ತಿರುಗಿದರೆ ಸಾಕು ಅನ್ನಿಸುತ್ತದೆ. ವೆಸ್ಟ್ ಆಫ್ ಕಾರ್ಡ್ ರೋಡಿನ ಒಂದು ಅಟ್ಟ, ಬಸವೇಶ್ವರನಗರದ ಒಂದು ಟ್ರಂಕು, ವಿಜಯನಗರದ ಒಂದು ಶೋಕೇಸು. ಬಿಬಿಸಿಯ 'ದಿ ರಿಪೇರ್ ಶಾಪ್' ಕಾರ್ಯಕ್ರಮದಲ್ಲಿ ಹಳೆಯ ಟೆಡ್ಡಿ ಕರಡಿಗಳಿಗೆ ಹೊಲಿಗೆ ಹಾಕಿ ಜೀವ ತುಂಬುವ ಇಬ್ಬರು ಹೆಂಗಸರಿದ್ದಾರೆ. ಅವರ ಪಕ್ಕದಲ್ಲಿ ಕೂರಿಸಬಹುದಾದ ಕೈಗಳು ಚನ್ನಪಟ್ಟಣದಲ್ಲೂ ಇವೆ, ಮರದ ಗೊಂಬೆಗೆ ಹೆಸರಾದ ಕೊಪ್ಪಳದ ಕಿನ್ನಾಳದಲ್ಲೂ ಇವೆ.

ಕ್ಯಾಮೆರಾ ಬರಲಿ, ಬಿಡಲಿ, ಈ ನವರಾತ್ರಿಗೆ ಟ್ರಂಕು ಇಳಿಸಿದಾಗ ಗೊಂಬೆಗಳನ್ನು ತಿರುಗಿಸಿ ನೋಡಿ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯಬೇಡಿ, ಮುದ್ರೆ ಇರುವ ಜಾಗವನ್ನು ಸೋಪು ಹಾಕಿ ತಿಕ್ಕಬೇಡಿ. ತೂಕವೇ ಇಲ್ಲದ, ಒತ್ತಿದರೆ ತಗ್ಗಾಗುವ, ಹಳೇ ಕಾಲದ ಪುಟ್ಟ ಗೊಂಬೆಗಳಿದ್ದರೆ ಅವು ಸೆಲ್ಯುಲಾಯ್ಡ್ ಆಗಿರಬಹುದು. ಅದು ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ವಸ್ತು. ಹಳತಾದಂತೆ ಅದರಿಂದ ಹೊರಡುವ ಆಮ್ಲದ ಆವಿ ಪಕ್ಕದ ಗೊಂಬೆಗಳನ್ನೂ ಕೆಡಿಸುತ್ತದೆ. ಅವನ್ನು ದೀಪದಿಂದ, ಆರತಿ ತಟ್ಟೆಯಿಂದ ದೂರದ ಮೆಟ್ಟಿಲಲ್ಲಿ ಇಡಿ. ಹಬ್ಬ ಮುಗಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟದೆ, ತೆಳು ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಬೇರೆ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯ ಮೇಲೆ ಯಾವ ಗೊಂಬೆ, ಯಾರು ತಂದದ್ದು, ಅಡಿಯಲ್ಲಿ ಏನು ಬರೆದಿದೆ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಹೇಳುವ ಅಜ್ಜಿ ಎದುರಿಗೇ ಕೂತಿರುವಾಗಲೇ ಕೇಳಿ ಬರೆದುಕೊಳ್ಳಿ.