ಅಡುಗೆಮನೆ ಕಪಾಟಿನ ಬಿರುಕು: ಗಾಬರಿಗೆ ಮೊದಲು ಒಂದು ಮಳೆಗಾಲ

ಜುವಾರಿ ನದಿಯ ಅಳಿವೆಗೆ ಹತ್ತಿಕೊಂಡಿರುವ ಸಾಂಕೋಲೆ, ಜುವಾರಿನಗರ, ಆಚೆಗೆ ವಾಸ್ಕೊ. ದಕ್ಷಿಣ ಗೋವಾದ ಈ ಭಾಗದಲ್ಲಿ ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳು ಸಾಕಷ್ಟಿವೆ. ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ ದುಡಿದು ಫ್ಲ್ಯಾಟ್ ಕೊಂಡವರಿಗೆ ಮಾಡ್ಯುಲರ್ ಕಿಚನ್ ಸಣ್ಣ ಖರ್ಚಲ್ಲ. ಅದನ್ನು ಕೂಡಿಸಿ ಕೆಲವು ತಿಂಗಳು ಕಳೆಯುವುದರೊಳಗೆ ಕಪಾಟು ಗೋಡೆಗೆ ತಾಗುವ ಕಡೆ ಕೂದಲೆಳೆಯಂಥ ಗೆರೆ ಮೂಡುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ನಡುರಾತ್ರಿ ಎಲ್ಲಿಂದಲೋ ‘ಟಕ್’ ಎಂದು ಸದ್ದು ಬರುತ್ತದೆ. ಕೆಲಸ ಕೆಟ್ಟಿತೇ, ಹಣ ಹೋಯಿತೇ ಎಂಬ ಅನುಮಾನ ಆಗ ಸಹಜ. ಆದರೆ ಬಿರುಕು ಕಂಡಿತು ಎಂಬುದಷ್ಟರಿಂದಲೇ ಕೆಲಸದ ಗುಣವನ್ನು ಅಳೆಯಲಾಗದು. ಅದು ಋತುವಿನ ಜೊತೆ ಹಿಗ್ಗಿ ಕುಗ್ಗುತ್ತಿದೆಯೋ ಅಥವಾ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಲೇ ಇದೆಯೋ ಎಂದು ನೋಡಬೇಕು. ಮೊದಲನೆಯದು ಮರದ ಸ್ವಭಾವ, ಎರಡನೆಯದು ದೋಷ.

ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುವುದನ್ನು, ಬಿಡುವುದನ್ನು ನಿಲ್ಲಿಸುವುದಿಲ್ಲ. ಗೋವಾದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಜುಲೈಯಲ್ಲಿ ಗಾಳಿಯ ತೇವಾಂಶ ಶೇ 85ನ್ನು ದಾಟುವುದು ಸಾಮಾನ್ಯ. ಚಳಿಗಾಲದ ಮಧ್ಯಾಹ್ನಗಳಲ್ಲಿ ಅದು ಶೇ 60ರ ಆಸುಪಾಸಿಗೆ ಇಳಿಯುತ್ತದೆ. ಶೇ 60ರ ಗಾಳಿಯಲ್ಲಿ ಬಹುಕಾಲ ಇದ್ದ ಮರದೊಳಗೆ ಅದರ ಒಣತೂಕದ ಸುಮಾರು ಶೇ 11ರಷ್ಟು ನೀರಿರುತ್ತದೆ. ಶೇ 85ರಲ್ಲಿ ಅದು 17–18ಕ್ಕೆ ಏರಬಲ್ಲದು. ಈ ನೀರು ಮರವನ್ನು ಎಲ್ಲ ಕಡೆಗೂ ಸಮನಾಗಿ ಹಿಗ್ಗಿಸುವುದಿಲ್ಲ. ಉದ್ದಕ್ಕೆ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಹೆಚ್ಚು. ತೇಗವನ್ನು ಸಾಧು ಮರ ಎನ್ನುತ್ತೇವೆ. ಆದರೂ ಅದರ 400 ಮಿ.ಮೀ. ಅಗಲದ ಗಟ್ಟಿ ಹಲಗೆಯೊಳಗಿನ ತೇವ ಶೇ 5ರಷ್ಟು ಏರಿದರೆ ಹಲಗೆ 3–4 ಮಿ.ಮೀ. ಅಗಲವಾಗುತ್ತದೆ. ಮಳೆಗಾಲದಲ್ಲಿ ಬಚ್ಚಲುಮನೆಯ ಬಾಗಿಲು ಬಿಗಿದುಕೊಂಡು ಮಾರ್ಚ್‌ನಲ್ಲಿ ತಾನಾಗಿ ಸಡಿಲಾಗುವುದು ಇದರಿಂದಲೇ. ಹಲಗೆ ಎಲ್ಲಿ ತಯಾರಾಯಿತು ಎಂಬುದೂ ಇಲ್ಲಿ ಮುಖ್ಯ. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಕೊಯ್ದು ಅಂಟಿಸಿದ ಬಾಗಿಲನ್ನು ಸಾಂಕೋಲೆಗೆ ತಂದ ದಿನವೇ ಬಿಗಿದರೆ, ಅದು ತನ್ನ ಮೊದಲ ಹಿಗ್ಗುವಿಕೆಯನ್ನು ಗೋಡೆಗೆ ಒತ್ತಿಕೊಂಡೇ ಮುಗಿಸಬೇಕಾಗುತ್ತದೆ.

ಗೋಡೆಯೂ ಸುಮ್ಮನಿರುವುದಿಲ್ಲ. ಹೊಸ ಕಾಂಕ್ರೀಟು ಮೊದಲ ಒಂದೆರಡು ವರ್ಷ ಒಣಗುತ್ತ ಕುಗ್ಗುತ್ತಿರುತ್ತದೆ. ಬಿಸಿಲು ಬೀಳುವ ಮೇಲಂತಸ್ತಿನ ಮೂರು ಮೀಟರ್ ಚಪ್ಪಡಿ 20 ಡಿಗ್ರಿ ಕಾದರೆ ಅರ್ಧ ಮಿ.ಮೀ.ಗಿಂತ ಹೆಚ್ಚು ಹಿಗ್ಗುತ್ತದೆ. ಜಂಬಿಟ್ಟಿಗೆ ಕಲ್ಲಿನ ಗೋಡೆ ಮಳೆನೀರು ಹೀರುತ್ತದೆ. ಕಲ್ಲು, ಗಾರೆ, ಟೈಲ್ಸ್, ಪ್ಲೈವುಡ್, ಗ್ರಾನೈಟ್ ಕಟ್ಟೆ ಇವೆಲ್ಲ ತಂತಮ್ಮ ಲೆಕ್ಕದಲ್ಲಿ ಹಿಗ್ಗುವಾಗ ಅವುಗಳ ಸಂದಿಯನ್ನು ಬಿಳಿ ಸಿಮೆಂಟಿನಿಂದಲೋ ಪುಟ್ಟಿಯಿಂದಲೋ ತುಂಬಿದ್ದರೆ ಒಡೆಯುವುದು ಆ ಸಂದಿಯೇ. ಅವು ಗಡುಸು ವಸ್ತುಗಳು, ಎಳೆದರೆ ಬಗ್ಗುವುದಿಲ್ಲ, ಸೀಳುತ್ತವೆ. ಆದ್ದರಿಂದಲೇ ಅಲ್ಲಿ ಸಿಲಿಕೋನ್‌ನಂಥ ಹಿಗ್ಗಬಲ್ಲ ಮೇಣವನ್ನು ತುಂಬುತ್ತಾರೆ. ಸದ್ದಿನ ಮೂಲವೂ ಇದೇ ಚಲನೆ. ಒಂದಕ್ಕೊಂದು ಒತ್ತಿ ನಿಂತ ಎರಡು ಭಾಗಗಳು ಘರ್ಷಣೆಯಿಂದ ಸ್ವಲ್ಪ ಹೊತ್ತು ಕದಲುವುದಿಲ್ಲ. ಒತ್ತಡ ಮಿತಿ ಮೀರಿದ ಕ್ಷಣ ಫಕ್ಕನೆ ಜಾರುತ್ತವೆ. ಆ ಜಾರುವಿಕೆಯೇ ‘ಟಕ್’. ಒಲೆಯ ಕಾವು ಆರಿ ಮನೆ ತಂಪಾಗುವುದು ರಾತ್ರಿ, ಬೇರೆ ಗದ್ದಲ ಅಡಗಿರುವುದೂ ರಾತ್ರಿ. ಹಗಲಿಗಿಂತ ಆಗ ಸದ್ದು ಹೆಚ್ಚಾಗಿ ಕೇಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

‘ನಮ್ಮದು ಮರೈನ್ ಪ್ಲೈ, ಅದಕ್ಕೆ ಇದೆಲ್ಲ ತಟ್ಟದು’ ಎಂದು ಕೆಲವರು ವಾದಿಸಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಪದರಗಳ ಎಳೆಯನ್ನು ಒಂದರ ಮೇಲೊಂದು ಅಡ್ಡಡ್ಡ ಕೂಡಿಸುವುದರಿಂದ ಪ್ಲೈವುಡ್ ಗಟ್ಟಿ ಮರಕ್ಕಿಂತ ಬಹಳ ಕಡಿಮೆ ಹಿಗ್ಗುತ್ತದೆ. ಆದರೆ ಐಎಸ್ 710 ಎಂಬ ಮರೈನ್ ಪ್ಲೈ ಮಾನಕ ಮುಖ್ಯವಾಗಿ ಭರವಸೆ ಕೊಡುವುದು ಅಂಟು ನೀರಿಗೆ ಬಿಡುವುದಿಲ್ಲ ಎಂಬುದಕ್ಕೆ. ಅದರ ಹಿಂದಿನ ಗೋಡೆ ಅಲುಗುವುದಿಲ್ಲ ಎಂಬ ಭರವಸೆ ಯಾವ ಮಾನಕದಲ್ಲೂ ಇಲ್ಲ. ಇನ್ನು, ದುಬಾರಿ ಕೆಲಸದಲ್ಲಿ ಸಂದಿಯೇ ಕಾಣಬಾರದು ಎಂಬ ನಿರೀಕ್ಷೆಯೂ ತಿರುವುಮುರುವಾದದ್ದು. ಪಳಗಿದ ಬಡಗಿ ಬಾಗಿಲುಗಳ ನಡುವೆ ಬೇಕೆಂದೇ ಎರಡು ಮೂರು ಮಿ.ಮೀ. ಬಿಡುತ್ತಾನೆ, ಗೋಡೆಯ ಬದಿಗೆ ತುಂಬುಪಟ್ಟಿ ಇಡುತ್ತಾನೆ. ಬೇಸಿಗೆಯಲ್ಲಿ ಕಾಗದವೂ ತೂರದಷ್ಟು ಬಿಗಿಯಾಗಿ ಕೂಡಿಸಿದ ಕೆಲಸ ನೋಡಲು ಚೆಂದ, ಆದರೆ ಆಷಾಢ ಬಂದಾಗ ಅದೇ ಮೊದಲು ಕಿರುಗುಟ್ಟುತ್ತದೆ.

ಹಾಗೆಂದು ಎಲ್ಲ ಬಿರುಕೂ ನಿರಪಾಯವಲ್ಲ. ಕೆಲವಕ್ಕೆ ಒಂದು ದಿನವೂ ಕಾಯಬಾರದು. ಮೇಲಿನ ಕಪಾಟು ಗೋಡೆಯಿಂದ ಮುಂದಕ್ಕೆ ವಾಲಿ ಮೇಲ್ಗಡೆ ಸಂದಿ ಅಗಲವಾಗುತ್ತಿದ್ದರೆ ಸ್ಕ್ರೂ ಕಿತ್ತು ಬರುತ್ತಿದೆ ಎಂದೇ ಅರ್ಥ. ಪಾತ್ರೆಗಳನ್ನು ಅಂದೇ ಇಳಿಸಬೇಕು. ಸಮುದ್ರದ ಉಪ್ಪುಗಾಳಿ ಆಡುವ ಊರಿನಲ್ಲಿ ಸಾದಾ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಸ್ಕ್ರೂವಿನ ಸುತ್ತ ಗಾರೆಯೂ ಟೈಲ್ಸೂ ಸೀಳುತ್ತವೆ. ಅಂಥ ಕಡೆ ಕಂದು ಕಲೆ ಕಂಡರೆ ಸ್ಟೇನ್‌ಲೆಸ್ ಸ್ಟೀಲ್‌ನ ಸ್ಕ್ರೂ ಹಾಕಿಸಬೇಕು. ಸಿಂಕಿನ ಕೆಳಗಿನ ಹಲಗೆ ಊದಿದ್ದರೆ ನೀರು ಸೋರುತ್ತಿದೆ. ಪಾರ್ಟಿಕಲ್ ಬೋರ್ಡು ಒಮ್ಮೆ ಊದಿದರೆ ಒಣಗಿದ ಮೇಲೂ ಹಳೆಯ ದಪ್ಪಕ್ಕೆ ಮರಳುವುದಿಲ್ಲ. ಗ್ರಾನೈಟಿನಲ್ಲಿ ಸಿಂಕಿನ ಅಥವಾ ಒಲೆಯ ಕತ್ತರಿಕೆಯ ಮೂಲೆಯಿಂದ ಹೊರಟ ಗೆರೆ ಕೆಳಗಿನ ಆಧಾರ ಸಾಲದೆಂಬ ಸೂಚನೆ. ಸದ್ದಿನ ಜೊತೆ ಹಿಟ್ಟಿನಂಥ ಪುಡಿ ಉದುರಿದರೆ ಮರ ಕೊರೆಯುವ ಹುಳು, ಮಣ್ಣಿನ ದಾರಿ ಕಂಡರೆ ಗೆದ್ದಲು. ಎಲ್ಲಕ್ಕಿಂತ ಗಂಭೀರವಾದದ್ದು ಸಿಲಿಂಡರ್ ಇಟ್ಟ ಕೆಳಗಿನ ಕಪಾಟಿನಿಂದ ಬರುವ ‘ಹಿಸ್’ ಸದ್ದು ಮತ್ತು ವಾಸನೆ. ಅಡುಗೆ ಅನಿಲ ಗಾಳಿಗಿಂತ ಭಾರ, ಕಪಾಟಿನ ತಳದಲ್ಲೇ ತುಂಬಿಕೊಳ್ಳುತ್ತದೆ. ರೆಗ್ಯುಲೇಟರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ಉಳಿದ ಬಿರುಕುಗಳಿಗೆ ಒಂದು ಮಳೆಗಾಲ, ಒಂದು ಬೇಸಿಗೆ ಕಾಯಬೇಕೆಂದರೆ ಅಷ್ಟರಲ್ಲಿ ಗುತ್ತಿಗೆದಾರ ಕೈತೊಳೆದುಕೊಳ್ಳುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾಯುವುದೆಂದರೆ ಸುಮ್ಮನಿರುವುದಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ, ತಿಂಗಳಿಗೊಮ್ಮೆ ನೋಡಿ. ಮೊದಲ ಫೋಟೊವನ್ನು ಅಂದೇ ಲಿಖಿತ ದೂರಿನೊಂದಿಗೆ ಕೆಲಸ ಮಾಡಿದವರಿಗೆ ಕಳುಹಿಸಿ. ಬಿರುಕು ಕಪಾಟಿನ ಸಂದಿಯಲ್ಲದೆ ಗೋಡೆಯಲ್ಲಿಯೇ ಇದ್ದರೆ, ಕಟ್ಟಡ ತಜ್ಞರು ಬಹುಕಾಲದಿಂದ ಬಳಸುವ ಬ್ರಿಟಿಷ್ ವರ್ಗೀಕರಣದ ಪ್ರಕಾರ 0.1 ಮಿ.ಮೀ.ವರೆಗಿನದು ಕೂದಲೆಳೆ, 1 ಮಿ.ಮೀ.ವರೆಗಿನದು ಬಣ್ಣ ಬಳಿಯುವಾಗ ಸರಿಪಡಿಸಬಹುದಾದದ್ದು. 5 ಮಿ.ಮೀ. ದಾಟಿದರೆ ಎಂಜಿನಿಯರನ್ನು ಕರೆಸಿ ತೋರಿಸುವುದೇ ಸರಿ. ಬಿಲ್ಡರ್ ನೋಂದಾಯಿತ ಯೋಜನೆಯಲ್ಲಿ ಕೊಟ್ಟ ಫ್ಲ್ಯಾಟಾದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ನಿಮ್ಮ ಬೆನ್ನಿಗಿದೆ: ಸ್ವಾಧೀನ ಪಡೆದ ಐದು ವರ್ಷಗಳೊಳಗೆ ರಚನೆ ಅಥವಾ ಕೆಲಸಗಾರಿಕೆಯ ದೋಷ ತಿಳಿಸಿದರೆ ಅವರು ಹೆಚ್ಚಿನ ಹಣ ಕೇಳದೆ 30 ದಿನಗಳಲ್ಲಿ ಸರಿಪಡಿಸಬೇಕು. ಕಪಾಟನ್ನು ಬೇರೆಯವರಿಂದ ಮಾಡಿಸಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ಎರಡು ವರ್ಷಗಳ ಅವಧಿ ಇದೆ. ಒಂದು ಋತುಚಕ್ರ ಕಾದರೂ ಈ ಗಡುವು ಮೀರುವುದಿಲ್ಲ.

ಕಂಡ ಕೂಡಲೇ ಪುಟ್ಟಿ ಮೆತ್ತಿದರೆ ಮುಂದಿನ ಋತುವಿನಲ್ಲಿ ಅದೇ ಗೆರೆ ಮತ್ತೆ ತೆರೆಯುತ್ತದೆ. ಅಷ್ಟೇ ಅಲ್ಲ, ಅದು ಬೆಳೆಯುತ್ತಿತ್ತೋ ಇಲ್ಲವೋ ಎಂದು ಹೇಳಬಲ್ಲ ಸಾಕ್ಷಿಯೂ ಮುಚ್ಚಿಹೋಗುತ್ತದೆ. ಮೊದಲು ದಿನಾಂಕ ಬರೆದಿಡಿ, ಮಳೆಗಾಲ ಕಳೆದು ಮರ ಒಣಗಿದ ಮೇಲೆ ಸಿಲಿಕೋನ್ ತುಂಬಿಸಿ.