ಮೂರು ವರ್ಷದ ವಿಜ್ಞಾನಿ

ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯಲ್ಲಿ ಈಚೆಗೆ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ವಿಶ್ವವಿದ್ಯಾಲಯವೊಂದರ ಸಂಶೋಧನಾ ಯೋಜನೆಗೆ ಸೇರಿದ್ದವನು. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಅವನ ವಿಷಯ. ಈಗೇನು ಮಾಡುತ್ತಿದ್ದೀಯ ಎಂದೆ. ‘ಎಸ್ಟೇಟಿನಲ್ಲಿ ರೈಟರ್ ಆಗಿದ್ದೀನಿ ಸಾರ್. ಯೋಜನೆಯ ಮೂರು ವರ್ಷ ಮುಗೀತಲ್ಲ’ ಎಂದ. ದನಿಯಲ್ಲಿ ದೂರಿರಲಿಲ್ಲ. ನನಗೆ ಕಸಿವಿಸಿಯಾದದ್ದು ಅದಕ್ಕೇ.

ಯಾವ ದುಡಿಮೆಯೂ ಕೀಳಲ್ಲ. ಆದರೆ ಇಲ್ಲಿ ನಷ್ಟ ಅವನೊಬ್ಬನದಲ್ಲ. ಕಾಂಡಕೊರಕದ ದುಂಬಿ ಹಾರುವುದು ವರ್ಷಕ್ಕೆರಡು ಸಲ: ಮುಂಗಾರಿಗೆ ಮೊದಲು ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮೂರು ವರ್ಷದ ಯೋಜನೆಯೆಂದರೆ ಹೆಚ್ಚೆಂದರೆ ಆರು ಹಾರಾಟ. ಮಳೆ ಕೈಕೊಟ್ಟ ವರ್ಷ, ನೆರಳಿನ ಮರ ಹೆಚ್ಚು ಕಡಿದ ತೋಟ, ಇವುಗಳ ಪರಿಣಾಮ ಸ್ಪಷ್ಟವಾಗತೊಡಗುವ ಹೊತ್ತಿಗೆ ನೋಡುವವನೇ ಇರುವುದಿಲ್ಲ.

ಇದೇ ಮಲೆನಾಡಿನಲ್ಲಿ ಬೇರೆ ಬಗೆಯ ನಿದರ್ಶನವೂ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದು 1925ರಲ್ಲಿ. ಬೆಳೆಗಾರರಿಗೆ ಮನೆಮಾತಾಗಿರುವ ಎಸ್.795 ತಳಿ ಅಲ್ಲಿಂದ ತೋಟಗಳಿಗೆ ಬಂದದ್ದು 1940ರ ದಶಕದಲ್ಲಿ. ಮೂರು ವರ್ಷಕ್ಕೊಮ್ಮೆ ಸಂಶೋಧಕರನ್ನು ಮನೆಗೆ ಕಳುಹಿಸಿದ್ದರೆ ಆ ಗಿಡ ನಮಗೆ ದಕ್ಕುತ್ತಿತ್ತೇ?

ಸಂಶೋಧನೆಗೆ ಹಣವೇ ಇಲ್ಲವೆನ್ನಲಾಗದು. ಯುಜಿಸಿ ಕಿರಿಯ ಸಂಶೋಧಕರಿಗೆ ನೀಡುವ ಶಿಷ್ಯವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿತು, ಹಿರಿಯರದು 42,000ಕ್ಕೆ. ಪ್ರಶ್ನೆ ಇರುವುದು ಆ ಐದು ವರ್ಷಗಳ ಆಚೆಗೆ. ತೆರವಾದ ಕಾಯಂ ಹುದ್ದೆಗಳನ್ನು ತುಂಬದೆ ಅತಿಥಿ ಉಪನ್ಯಾಸಕರಿಂದ ಪಾಠ ಮಾಡಿಸುವುದೇ ರೂಢಿಯಾದರೆ ಪಿಎಚ್.ಡಿ. ಪಡೆದವರು ಎಲ್ಲಿಗೆ ಹೋಗಬೇಕು? ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದಲ್ಲಿ ಎದ್ದಾಗ ಅದರ ಹೆಸರೂ ಪಟ್ಟಿಯಲ್ಲಿತ್ತು. ಸಂಸ್ಥೆಯ ಆಯುಸ್ಸೇ ಚರ್ಚೆಯ ವಸ್ತುವಾದ ಮೇಲೆ ಅಲ್ಲಿನ ಸಂಶೋಧಕ ಇಪ್ಪತ್ತು ವರ್ಷದ ಕೆಲಸಕ್ಕೆ ಕೈಹಾಕುವುದು ಹೇಗೆ?

ಜಿಲ್ಲೆಗೊಂದು ವಿಶ್ವವಿದ್ಯಾಲಯದ ಸಮರ್ಥನೆ ಕಟ್ಟಡದಿಂದಾಗದು, ಆ ಜಿಲ್ಲೆಯ ಪ್ರಶ್ನೆಗಳನ್ನು ಎತ್ತಿಕೊಳ್ಳುವುದರಿಂದ ಆಗಬೇಕು. ಕಾಫಿ, ಏಲಕ್ಕಿ, ಭತ್ತದ ಗದ್ದೆಗಿಳಿಯುವ ಕಾಡಾನೆ, ಇವನ್ನೇ ಅಧ್ಯಯನ ಮಾಡುವ ನಾಲ್ಕಾರು ಕಾಯಂ ಸಂಶೋಧನಾ ಹುದ್ದೆಗಳು ಹಾಸನದಲ್ಲಿರಲಿ. ಒಂದು ಯೋಜನೆ ಮುಗಿದು ಇನ್ನೊಂದು ದೊರೆಯುವವರೆಗೆ ಕಿರಿಯರಿಗೆ ವೇತನ ನಿಲ್ಲದಿರಲಿ. ಸಂಗ್ರಹಿಸಿದ ಮಾಹಿತಿ ವ್ಯಕ್ತಿಯೊಂದಿಗೆ ಊರು ಸೇರದೆ ವಿಶ್ವವಿದ್ಯಾಲಯದಲ್ಲಿ ಉಳಿಯಲಿ.

ಬಸ್ಸು ಬಂತು. ಆರು ಹಾರಾಟಗಳ ಲೆಕ್ಕ ಏನಾಯಿತೆಂದು ಕೇಳಿದೆ. ‘ಒಂದು ಪ್ರತಿ ನನ್ನ ಹತ್ರ ಇದೆ ಸಾರ್. ಏಳನೆಯದನ್ನೂ ಬರೆದಿಟ್ಟಿದ್ದೀನಿ’ ಎಂದ. ಅದನ್ನು ಯಾರಿಗೆ ಕೊಡಬೇಕೆಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ.