ಎದೆಬಡಿತ ಅರವತ್ನಾಲ್ಕಕ್ಕೆ ಇಳಿದರಷ್ಟೇ ಗೆಲುವು

ಯಾದಗಿರಿ ಬಿಟ್ಟು ಭೀಮಾ ಸೇತುವೆ ದಾಟಿ, ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ನೋಡಿಕೊಂಡು, ಸುರಪುರದ ಗುಡ್ಡ ಮುಟ್ಟಿ ಅದೇ ದಾರಿಯಲ್ಲಿ ವಾಪಸಾದರೆ ಹೆಚ್ಚುಕಮ್ಮಿ 120 ಕಿಲೋಮೀಟರ್. ಬಸ್ಸಿನಲ್ಲಿ ಕೂತು ಹೋಗಿಬಂದವರಿಗೇ ಸೊಂಟ ಹಿಡಿಯುವಷ್ಟು ದೂರ. ಇಷ್ಟನ್ನೂ ಒಂದೇ ಕುದುರೆಯ ಮೇಲೆ, ಒಂದೇ ದಿನದಲ್ಲಿ ಮುಗಿಸಬೇಕು. ಮುಗಿಸಿದ ಮೇಲೆ ಪಶುವೈದ್ಯರು ಬಂದು ಕುದುರೆಯನ್ನು ತಡವಿ, ನಡೆಸಿ, ಎದೆಗೆ ಕಿವಿಗೊಟ್ಟು, ಇದು ಬೇಕಾದರೆ ಇನ್ನೂ ನಾಲ್ಕು ಹೆಜ್ಜೆ ಹೋದೀತು ಎಂದು ಒಪ್ಪಬೇಕು. ಅವರು ಒಪ್ಪದಿದ್ದರೆ ಎಲ್ಲರಿಗಿಂತ ಮೊದಲು ಬಂದವರ ಹೆಸರೂ ಪಟ್ಟಿಯಲ್ಲಿ ಉಳಿಯುವುದಿಲ್ಲ. ಎಂಡ್ಯೂರೆನ್ಸ್ ರೈಡಿಂಗ್ ಎನ್ನುವ ಸ್ಪರ್ಧೆ ಇದು.

ಕೇರಳದ ಮಲಪ್ಪುರಂ ಮೂಲದ ನಿದಾ ಅಂಜುಂ ಚೇಲಾಟ್ 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕಾಸ್ಟೆಲ್ಸಾಗ್ರಾದಲ್ಲಿ ಸವಾರಿ ಮಾಡಿದ್ದು ಇಷ್ಟೇ ದೂರ. ಕಿರಿಯರ ಮತ್ತು ಯುವ ಸವಾರರ ವಿಶ್ವ ಚಾಂಪಿಯನ್‌ಷಿಪ್ ಅದು. ಎಪ್ಸಿಲಾನ್ ಸಲೂ ಎಂಬ ಕುದುರೆಯ ಮೇಲೆ 120 ಕಿ.ಮೀ.ಯನ್ನು ಆಕೆ ಸುಮಾರು ಏಳೂವರೆ ಗಂಟೆಯಲ್ಲಿ ಮುಗಿಸಿದರು. ಆ ಸ್ಪರ್ಧೆಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ಸವಾರ ಅವರೇ. ಮರುವರ್ಷ ಅದೇ ದೇಶದ ಮೋಂಪಾಜಿಯೇಯಲ್ಲಿ ನಡೆದ ಹಿರಿಯರ ಚಾಂಪಿಯನ್‌ಷಿಪ್‌ನಲ್ಲಿ ಪೆತ್ರಾ ದೆಲ್ ರೇ ಎಂಬ ಕುದುರೆಯೊಂದಿಗೆ 160 ಕಿ.ಮೀ. ದಾಟಿದರು. ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಜಾಗವಿಲ್ಲ. ಹಾಗಾಗಿ ಪತ್ರಿಕೆಗಳಲ್ಲಿ ಆ ಸುದ್ದಿ ಬಂದಷ್ಟೇ ಬೇಗ ಮರೆಯಾಯಿತು.

ಈಗಿನ ರೂಪದಲ್ಲಿ ಈ ಆಟ ಶುರುವಾದದ್ದು ಅಮೆರಿಕದಲ್ಲಿ. 1955ರಲ್ಲಿ ಕ್ಯಾಲಿಫೋರ್ನಿಯಾದ ವೆಂಡೆಲ್ ರೋಬಿ ಮತ್ತು ಕೆಲವು ಗೆಳೆಯರು ಸಿಯೆರಾ ನೆವಾಡ ಪರ್ವತ ದಾಟಿ ಆಬರ್ನ್ ಪಟ್ಟಣಕ್ಕೆ ನೂರು ಮೈಲಿ ಸವಾರಿ ಮಾಡಿದರು. ಹಳೆಗಾಲದ ಹಾಗೆ ಒಂದೇ ದಿನದಲ್ಲಿ ನೂರು ಮೈಲಿ ಹೋಗುವ ಕುದುರೆ ಈಗೆಲ್ಲಿದೆ ಎಂದು ಮೂಗು ಮುರಿಯುತ್ತಿದ್ದವರಿಗೆ ಅದು ಉತ್ತರ. ರೋಬಿ ಏರಿದ್ದು ಬಾಂದೋಸ್ ಎಂಬ ಅರಬ್ಬಿ ಕುದುರೆ. ಇವತ್ತು ಟೆವಿಸ್ ಕಪ್ ಎಂದು ಕರೆಯುವ ಆ ಸವಾರಿಯಲ್ಲಿ 24 ಗಂಟೆಯೊಳಗೆ ಗುರಿ ಮುಟ್ಟಿದ ಎಲ್ಲರಿಗೂ ಬೆಳ್ಳಿಯ ಬಕಲ್ ಸಿಗುತ್ತದೆ. ಮೊದಲ ಹತ್ತರಲ್ಲಿ ಬಂದ ಕುದುರೆಗಳಲ್ಲಿ ಯಾವುದು ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದಿದೆಯೋ ಅದಕ್ಕೆ ಬೇರೆಯೇ ಬಹುಮಾನವಿದೆ, ಹ್ಯಾಗಿನ್ ಕಪ್. ಬಲ್ಲ ಸವಾರರು ಮೊದಲ ಸ್ಥಾನಕ್ಕಿಂತ ಇದಕ್ಕೇ ಹೆಚ್ಚು ಆಸೆಪಡುವುದುಂಟು. 1978ರಲ್ಲಿ ಅಂತರರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟವಾದ ಎಫ್‌ಇಐ ಈ ಆಟಕ್ಕೆ ಮಾನ್ಯತೆ ಕೊಟ್ಟಿತು.

ನಿಯಮದ ಜೀವಾಳ ಇರುವುದು ತಪಾಸಣೆಯಲ್ಲಿ. ಇಡೀ ದೂರವನ್ನು 20ರಿಂದ 40 ಕಿ.ಮೀ.ಯ ಸುತ್ತುಗಳಾಗಿ ಒಡೆದಿರುತ್ತಾರೆ. ಪ್ರತಿ ಸುತ್ತು ಮುಗಿದಾಗಲೂ ಕುದುರೆ ಪಶುವೈದ್ಯರ ಮುಂದೆ ನಿಲ್ಲಬೇಕು. ಸಾಮಾನ್ಯವಾಗಿ ಕಾಲು ಗಂಟೆಯೊಳಗೆ ಅದರ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿದಿರಬೇಕು. ಆರಾಮಾಗಿ ನಿಂತ ಕುದುರೆಯ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಜೀವ ಬಿಟ್ಟು ಓಡುವಾಗ 220 ದಾಟುತ್ತದೆ. ಸುತ್ತು ಮುಗಿಸಿ ಬಂದ ಕೂಡಲೇ ಗಡಿಯಾರ ನಿಲ್ಲುವುದಿಲ್ಲ ಎಂಬುದು ಇಲ್ಲಿನ ಚಮತ್ಕಾರ. ಬಡಿತ ಇಳಿಯಲಿ ಎಂದು ಕಾಯುವ ಹೊತ್ತೂ ಸವಾರಿಯ ಲೆಕ್ಕಕ್ಕೇ ಸೇರುತ್ತದೆ. ಐದು ನಿಮಿಷ ಮೊದಲು ಬಂದು ಹತ್ತು ನಿಮಿಷ ಏದುಸಿರು ಬಿಟ್ಟ ಕುದುರೆ ಹಿಂದೆ ಬೀಳುತ್ತದೆ.

ಆ ತಪಾಸಣೆ ನೋಡುವಂಥದ್ದು. ವೈದ್ಯರು ಕುದುರೆಯ ಎಡಗಡೆ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಒತ್ತಿ ಬಡಿತ ಎಣಿಸುತ್ತಾರೆ. ಹೆಬ್ಬೆರಳಿನಿಂದ ಒಸಡು ಅದುಮಿ ಬಿಡುತ್ತಾರೆ; ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಿದರೆ ಸರಿ. ಹೆಗಲ ಚರ್ಮ ಚಿವುಟಿ ಎಳೆಯುತ್ತಾರೆ, ಅದು ಮಡಿಕೆಯಾಗಿಯೇ ನಿಂತರೆ ಮೈಯಲ್ಲಿ ನೀರಿಲ್ಲ ಎಂದರ್ಥ. ಪಕ್ಕೆಗೆ ಕಿವಿಗೊಟ್ಟು ಕರುಳಿನ ಗುಡುಗುಡು ಕೇಳುತ್ತಾರೆ. ಅಲ್ಲಿ ಸದ್ದಿಲ್ಲದಿದ್ದರೆ ಚಿಂತೆ. ಆಮೇಲೆ ಕುದುರೆಯನ್ನು ಹಗ್ಗ ಹಿಡಿದು ನಲವತ್ತು ಮೀಟರ್ ಓಡಿಸಿ ಮರಳಿ ತರಬೇಕು. ಕುಂಟು ಕಂಡರೆ ಆಟ ಅಲ್ಲಿಗೇ ಮುಗಿಯಿತು. ಓಟ ಶುರುವಾಗಿ ಒಂದು ನಿಮಿಷಕ್ಕೆ ಸರಿಯಾಗಿ ಬಡಿತವನ್ನು ಮತ್ತೆ ಎಣಿಸುತ್ತಾರೆ. ಮೊದಲು 60 ಇದ್ದದ್ದು 60ಕ್ಕೇ ಮರಳಿದ್ದರೆ ಕುದುರೆಯಲ್ಲಿ ಕಸುವಿದೆ. 72ಕ್ಕೆ ಏರಿದ್ದರೆ ಒಳಗೆ ಏನೋ ಎಡವಟ್ಟಾಗಿದೆ.

ಇಂಥ ಪರೀಕ್ಷೆಯಲ್ಲಿ ಅರಬ್ಬಿ ಕುದುರೆ ಮತ್ತೆಮತ್ತೆ ಮುಂದೆ ಬರುವುದಕ್ಕೆ ಕಾರಣ ಅದರ ಮೈಕಟ್ಟು. ರೇಸ್ ಕೋರ್ಸಿನ ಥರೋಬ್ರೆಡ್‌ಗಿಂತ ಇದು ಗಿಡ್ಡ, ಹಗುರ. ನಾನೂರು ಕೆಜಿಯ ಆಸುಪಾಸು ತೂಗುತ್ತದೆ. ಸ್ನಾಯುಗಳಲ್ಲಿ ನಿಧಾನವಾಗಿ ದಣಿಯುವ ಎಳೆಗಳ ಪಾಲು ಹೆಚ್ಚು. ಚರ್ಮ ತೆಳು, ಓಡುವಾಗ ರಕ್ತನಾಳಗಳು ಅದರ ಮೇಲೆಯೇ ಉಬ್ಬಿ ಕಾಣುತ್ತವೆ. ಒಳಗಿನ ಬಿಸಿ ಬೇಗ ಹೊರಗೆ ಹೋಗುತ್ತದೆ. ತೂಕಕ್ಕೆ ಹೋಲಿಸಿದರೆ ಮೈಯ ಹರವು ದೊಡ್ಡದು, ಅದೂ ಬಿಸಿ ಕಳೆಯಲು ಅನುಕೂಲ. ಅಗಲ ಹೊಳ್ಳೆಗಳಿಗೆ ಬೇಕಾದಷ್ಟು ಗಾಳಿ ಸಿಗುತ್ತದೆ. ಮರುಭೂಮಿಯ ಬೆದುವಿನ್ನರು ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿ ಇದು.

ಈ ಗುಣಗಳ ಬೆಲೆ ನಮ್ಮ ಸೀಮೆಗೆ ಆಗಲೇ ಗೊತ್ತಿತ್ತು. ಹದಿನೈದನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಹಡಗು ಹತ್ತಿ ಬಂದಾಗ ಬಂಡವಾಳವೆಂದು ತಂದದ್ದು ಒಂದೇ ಒಂದು ಗಂಡು ಕುದುರೆ. ಜುನ್ನರದ ಅಧಿಕಾರಿ ಅದನ್ನು ಕಿತ್ತುಕೊಂಡ. ಬಲು ಕಷ್ಟದಿಂದ ಬಿಡಿಸಿಕೊಂಡು ಕೊನೆಗೆ ಬಹಮನಿಗಳ ಬೀದರಿನಲ್ಲಿ ಮಾರಿದ. ಯಾದಗಿರಿಯ ಪಕ್ಕದ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಿನ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಬರೆದವನೂ ಅವನೇ. ಸಂಖ್ಯೆಯಲ್ಲಿ ವ್ಯಾಪಾರಿಯ ಉತ್ಸಾಹ ಕೊಂಚ ಬೆರೆತಿರಬಹುದು. ಜಾತ್ರೆ ದೊಡ್ಡದಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಇಲ್ಲಿನವರು ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಎಂದೂ ಅವನು ಬೆರಗಿನಿಂದ ದಾಖಲಿಸಿದ್ದಾನೆ. ಇಂದಿನ ಎಂಡ್ಯೂರೆನ್ಸ್ ಕುದುರೆಗಳ ಮೇವಿನಲ್ಲೂ ಎಣ್ಣೆಗೆ ಜಾಗವಿದೆ: ಹೊಟ್ಟೆ ಭಾರವಾಗದೆ ದೀರ್ಘಕಾಲ ಶಕ್ತಿ ಕೊಡುತ್ತದೆ ಎಂಬುದು ಕಾರಣ.

ತುಂಗಭದ್ರೆಯ ಆಚೆ ವಿಜಯನಗರದ ಅರಸರಿಗಂತೂ ಕುದುರೆಯೆಂದರೆ ಹೊನ್ನು ಸುರಿಯುವಷ್ಟು ಹಂಬಲ. ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನುನಿಜ್ ಹೇಳುತ್ತಾನೆ. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತಂತೆ. ಇಂಥ ವಿಮೆ ಇವತ್ತಿನ ಯಾವ ಕಂಪನಿಯೂ ಕೊಡಲಾರದು. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಸಾಲುಸಾಲಾಗಿ ಹೊರಟ ಕುದುರೆಗಳನ್ನು ಈಗಲೂ ನೋಡಬಹುದು. ಈ ವ್ಯಾಪಾರ ಬಹಳ ಕಾಲ ನಡೆಯಿತು. 1824ರಲ್ಲಿ ಶಿರಾಜ್‌ನಿಂದ ಬೆಂಗಳೂರಿಗೆ ಕುದುರೆ ತಂದ ಆಗಾ ಅಲಿ ಅಸ್ಕರ್ ಇಲ್ಲೇ ನೆಲೆನಿಂತ. ಅವನ ಮೊಮ್ಮಗನೇ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್.

ಸುರಪುರದ ನೆನಪಿನಲ್ಲಿ ಉಳಿದಿರುವ ದೂರದ ಸವಾರಿಯೇ ಬೇರೆ. ಅದಕ್ಕೆ ಬಹುಮಾನವಿರಲಿಲ್ಲ. 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ಪಡೆಗಳು ಊರಿನ ಹತ್ತಿರ ಬಂದಾಗ ಸುರಪುರದ ದೊರೆ ನಾಲ್ವಡಿ ವೆಂಕಟಪ್ಪ ನಾಯಕ ಕಾದಾಡಿದ. ಬ್ರಿಟಿಷರ ಕ್ಯಾಪ್ಟನ್ ನ್ಯೂಬೆರಿ ಆ ಕಾಳಗದಲ್ಲಿ ಸತ್ತ. ಇನ್ನಷ್ಟು ಸೇನೆ ಬರುತ್ತಿದೆಯೆಂದು ತಿಳಿದು, ರಾತ್ರಿ ಕೆಲವೇ ಸವಾರರನ್ನು ಕಟ್ಟಿಕೊಂಡು ರಾಜ ಹೈದರಾಬಾದಿನ ದಾರಿ ಹಿಡಿದ. ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ ಅದು. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನ ಕೈಗೆ ಸಿಕ್ಕಿಬಿದ್ದು ಬ್ರಿಟಿಷರ ವಶವಾದ. ಆಗ ಅವನಿಗೆ ಇಪ್ಪತ್ತೈದೂ ತುಂಬಿರಲಿಲ್ಲ.

ಅರಬ್ಬಿ ರಕ್ತ ಈ ನೆಲದ ಕುದುರೆಗಳಲ್ಲೂ ಹರಿದಿದೆ. ಭೀಮೆಯ ಹೆಸರನ್ನೇ ಹೊತ್ತ ಭೀಮಥಡಿ ತಳಿ ಹುಟ್ಟಿದ್ದು ದಖ್ಖನಿನ ನಾಟಿ ತಟ್ಟುಗಳಿಗೆ ಅರಬ್ಬಿ, ತುರ್ಕಿ ಕುದುರೆಗಳು ಕೂಡಿ. ಮರಾಠರ ದಂಡು ಇದೇ ಗಿಡ್ಡ ಕುದುರೆಗಳ ಮೇಲೆ ದೂರದೂರಕ್ಕೆ ದಾಳಿಯಿಟ್ಟದ್ದು. ಸಾಮ್ರಾಜ್ಯ ಹೋದ ಮೇಲೆ ತಳಿ ಉಳಿದದ್ದು ಕುರಿ ಕಾಯುವ ಧನಗರರ ಹಟ್ಟಿಗಳಲ್ಲಿ. ಮಳೆಗಾಲ ಮುಗಿದ ಮೇಲೆ ಕುರಿಹಿಂಡಿನ ಹಿಂದೆ ಗುಡಾರ, ಪಾತ್ರೆ, ಕುರಿಮರಿ, ಕೆಲವೊಮ್ಮೆ ಮಕ್ಕಳನ್ನೂ ಹೊತ್ತು ಹೆಜ್ಜೆ ಹಾಕುವ ಕುದುರೆ ಇದೇ. 2025ರ ಜನವರಿಯಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಇದನ್ನು ದೇಶದ ಎಂಟನೇ ಕುದುರೆ ತಳಿಯಾಗಿ ನೋಂದಾಯಿಸಿತು. ಶುದ್ಧ ಅರಬ್ಬಿಗೆ ಲಕ್ಷಾಂತರ ರೂಪಾಯಿ ಸುರಿಯುವ ಮೊದಲು ಈ ಭಾಗದವರು ಇದರ ಕಡೆ ಒಮ್ಮೆ ನೋಡುವುದು ಜಾಣತನ.

ಕುದುರೆ ಯಾವುದೇ ಇರಲಿ, ತಯಾರಿಗೆ ಬೇಕಾದದ್ದು ತಾಳ್ಮೆ. ಮೊದಲ ಕೆಲವು ತಿಂಗಳು ಬರೀ ನಡಿಗೆ, ಹಗುರ ಓಟ. ವೇಗವಿಲ್ಲದೆ ದೂರವನ್ನಷ್ಟೇ ಏರಿಸುತ್ತಾ ಹೋಗಬೇಕು. ಎದೆ ಮತ್ತು ಸ್ನಾಯುಗಳು ಕೆಲವೇ ತಿಂಗಳಲ್ಲಿ ಹುರಿಗೊಳ್ಳುತ್ತವೆ. ಮೂಳೆ, ಗೊರಸು, ಕಾಲಿನ ಸ್ನಾಯುರಜ್ಜುಗಳು ಗಟ್ಟಿಯಾಗಲು ವರ್ಷಗಳೇ ಬೇಕು. ಎಡವಟ್ಟಾಗುವುದೇ ಇಲ್ಲಿ: ಕುದುರೆ ಚುರುಕಾಗಿ ಕಾಣುತ್ತದೆ, ಸವಾರ ಲಗಾಮು ಸಡಿಲಿಸುತ್ತಾನೆ, ಕಾಲು ಕೈಕೊಡುತ್ತದೆ. ಅಂತರರಾಷ್ಟ್ರೀಯ ಮಟ್ಟದ 160 ಕಿ.ಮೀ. ಸ್ಪರ್ಧೆಗೆ ಕುದುರೆಗೆ ಎಂಟು ವರ್ಷವಾದರೂ ತುಂಬಿರಬೇಕು ಎಂದು ನಿಯಮ ಇಟ್ಟಿರುವುದು ಸುಮ್ಮನಲ್ಲ.

ಬೆವರಿನ ವಿಷಯದಲ್ಲಿ ಕುದುರೆ ಮನುಷ್ಯನ ಹಾಗಲ್ಲ. ಅದರ ಬೆವರು ರಕ್ತಕ್ಕಿಂತ ಉಪ್ಪು. ಸೆಕೆಯಲ್ಲಿ ಓಡುವಾಗ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಸುರಿಯುತ್ತದೆ. ಜೀನಿನ ಅಂಚಿನಲ್ಲಿ ಬಿಳಿ ನೊರೆ ಕಟ್ಟುವುದು ಅದರಲ್ಲಿರುವ ಒಂದು ಪ್ರೋಟೀನಿನಿಂದ. ನಮಗೆ ಬೆವರಿದರೆ ರಕ್ತದಲ್ಲಿ ಉಪ್ಪಿನಂಶ ಏರಿ ಬಾಯಾರುತ್ತದೆ. ಕುದುರೆಗೆ ನೀರಿನ ಜೊತೆ ಉಪ್ಪೂ ಹೊರಟುಹೋಗುವುದರಿಂದ ಮಿದುಳಿಗೆ ಆ ಸೂಚನೆಯೇ ಸಿಗುವುದಿಲ್ಲ. ಮೈ ಒಣಗಿದ್ದರೂ ಬಕೆಟ್ಟಿಗೆ ಬಾಯಿ ಹಾಕದೆ ನಿಂತುಬಿಡುತ್ತದೆ. ಹಾಗಾಗಿ ಅನುಭವಿ ಸವಾರರು ದಾರಿಯುದ್ದಕ್ಕೂ ಉಪ್ಪಿನ ಮಿಶ್ರಣ ಕೊಡುತ್ತಾರೆ, ಹಳ್ಳ ಕಂಡಲ್ಲೆಲ್ಲ ನಿಲ್ಲಿಸಿ ನೀರು ಕುಡಿಸುವ ಅಭ್ಯಾಸವನ್ನು ತರಬೇತಿಯಲ್ಲೇ ಮಾಡಿಸುತ್ತಾರೆ. ಸಹಾಯಕರ ತಂಡ ಅಲ್ಲಲ್ಲಿ ನಿಂತು ಕುತ್ತಿಗೆಯ ಮೇಲೆ, ಕಾಲುಗಳ ಮೇಲೆ ತಣ್ಣೀರು ಸುರಿಯುತ್ತದೆ.

ಆಟಕ್ಕೆ ಕೆಟ್ಟ ಹೆಸರೂ ಇದೆ. ಕೊಲ್ಲಿ ರಾಷ್ಟ್ರಗಳಲ್ಲಿ ಸಮತಟ್ಟು ಮರಳಿನ ಮೇಲೆ ವೇಗ ಗಂಟೆಗೆ 25 ಕಿ.ಮೀ. ಮೀರಿತು, ಕಾಲು ಮುರಿದು ಸಾಯುವ ಕುದುರೆಗಳು ಸುದ್ದಿಯಾದವು. 2015ರಲ್ಲಿ ಎಫ್‌ಇಐ ಸಂಯುಕ್ತ ಅರಬ್ ಸಂಸ್ಥಾನದ ಒಕ್ಕೂಟವನ್ನೇ ಅಮಾನತಿನಲ್ಲಿಟ್ಟಿತು. 2018ರಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ವಿಶ್ವ ಅಶ್ವಾರೋಹಣ ಕ್ರೀಡಾಕೂಟದ ಈ ಸ್ಪರ್ಧೆಯನ್ನು ಸೆಕೆ ಮತ್ತು ತೇವದ ಗಾಳಿಗೆ ಹೆದರಿ ನಡುವೆಯೇ ರದ್ದು ಮಾಡಬೇಕಾಯಿತು. ತಪಾಸಣೆ ಎಷ್ಟೇ ಬಿಗಿಯಾಗಿರಲಿ, ಸವಾರನಿಗೆ ಅವಸರ ಹಿಡಿದರೆ ಕುದುರೆಗೆ ಉಳಿಗಾಲವಿಲ್ಲ.

ಯಾದಗಿರಿ ಸೀಮೆಯಲ್ಲಿ ಇಂಥದ್ದನ್ನು ನಡೆಸುವುದಾದರೆ ಬೇಸಿಗೆಯ ಮಾತೇ ಬೇಡ. ಏಪ್ರಿಲ್, ಮೇ ತಿಂಗಳ ನಲವತ್ತು ದಾಟುವ ಬಿಸಿಲಿನಲ್ಲಿ ಕುದುರೆ ಓಡಿಸುವುದು ಪಾಪ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ನಡೆಯುವ ಹೊತ್ತಿನ ಚಳಿಯೇ ಸರಿಯಾದ ಕಾಲ, ದೇವರೂ ಕುದುರೆಯೇರಿದವನೇ. ಎರೆಹೊಲದ ದಾರಿ ಒಣಗಿದ್ದರೆ ಗೊರಸಿಗೆ ಹಿತ, ಒಂದು ಮಳೆ ಬಿದ್ದರೆ ಮೊಣಕಾಲುದ್ದ ಕೆಸರು. ಕೃಷ್ಣಾ ಮೇಲ್ದಂಡೆ ಕಾಲುವೆಗಳ ಪಕ್ಕದ ಮಣ್ಣಿನ ರಸ್ತೆಗಳು, ಸುರಪುರದ ಗುಡ್ಡಗಳ ಏರು, ನಡುನಡುವೆ ನೀರು: ದಾರಿಗೇನೂ ಕೊರತೆಯಿಲ್ಲ. ಪಶುವೈದ್ಯರು ಬೇಕೆಂದರೆ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಕಷ್ಟ ಇರುವುದು ಬೇರೆ ಕಡೆ. ಉತ್ತರ ಕರ್ನಾಟಕದ ಶರ್ಯತ್ತುಗಳಲ್ಲಿ ಕುದುರೆ ಗಾಡಿ ಹೊಡೆದು ಬೆಳೆದ ಹುಡುಗರಿಗೆ ಗೊತ್ತಿರುವುದು ಚಾವಟಿ, ಧೂಳು, ಜನರ ಕೇಕೆ. ಎಫ್‌ಇಐ ನಿಯಮದಲ್ಲಿ ಹೊಸಬರ ಅರ್ಹತಾ ಸವಾರಿಗೆ ವೇಗದ ಮಿತಿ ಗಂಟೆಗೆ 16 ಕಿ.ಮೀ.; ಅದಕ್ಕಿಂತ ಬೇಗ ಬಂದರೆ ಆ ಸವಾರಿ ಲೆಕ್ಕಕ್ಕೇ ಇಲ್ಲ.